ಹ್ಯಾಂಬರ್ಗರ್ ಪ್ರದಕ್ಷಿಣ ಮೀಮಾಂಸೆ

ಪೀಠಿಕೆ

ಮನುಷ್ಯ ಊಟಕ್ಕಾಗಿ ಎಷ್ಟು ದೂರ ಹೋದಾನು ಎಂಬುದರ ಬಗ್ಗೆ ಶಾಸ್ತ್ರಗಳಲ್ಲಿ ಚರ್ಚೆ ಬೇಕಾದಷ್ಟಿದೆ. ಊಟ ಕಣ್ಣೆದುರೇ ಇರುವಾಗ ಅದರ ಸುತ್ತ ಎಷ್ಟು ಸುತ್ತು ಸುತ್ತಿಯಾನು ಎಂಬುದರ ಬಗ್ಗೆ ಮಾತ್ರ ಪೂರ್ವಸೂರಿಗಳು ತುಟಿ ಬಿಚ್ಚಿಲ್ಲ. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ವ್ಯಾಪ್ತಿ ಹೀಗಿದೆ. ದೇಶ: ಅಮೆರಿಕ, ಅದರಲ್ಲೂ ಕ್ಯಾಲಿಫೋರ್ನಿಯಾ ಮತ್ತು ಡೆಟ್ರಾಯಿಟ್. ಕಾಲ: ಎರಡನೆಯ ಮಹಾಯುದ್ಧ ಮುಗಿದಲ್ಲಿಂದ 1973ರ ಪೆಟ್ರೋಲ್ ಬರದವರೆಗೆ. ವಾರ: ಶುಕ್ರವಾರ, ಶನಿವಾರ. ವಯಸ್ಸು: ಹದಿನಾರರಿಂದ ಹತ್ತೊಂಬತ್ತು. ಇಪ್ಪತ್ತು ದಾಟಿದವರು ಮದುವೆಯಾಗಿ, ಮನೆಯಲ್ಲೇ ಮೇಜಿನ ಮುಂದೆ ಕುಳಿತು ಉಣ್ಣುವ ಸ್ಥಿತಿಗೆ ಇಳಿದ ಕಾರಣ ಅವರನ್ನು ಕೈಬಿಡಲಾಗಿದೆ. ಹಾಗೆಯೇ, ಎರಡು ಹೋಳು ಬನ್ನಿನ ನಡುವೆ ಇದ್ದದ್ದು ಯಾವ ಪ್ರಾಣಿ ಎಂಬ ವಿಚಾರವನ್ನೂ ಕೈಬಿಡಲಾಗಿದೆ. ಅದನ್ನು ಕೆದಕಿದರೆ ಮೀಮಾಂಸೆ ನಿಂತು ಜಗಳ ಶುರುವಾಗುತ್ತದೆ.

ಪ್ರಮಾಣ ವಿಚಾರ

ನಮ್ಮ ತಾರ್ಕಿಕರು ಒಪ್ಪಿದ ಪ್ರಮಾಣಗಳಲ್ಲಿ ಮೂರನ್ನು ಇಲ್ಲಿ ಬಳಸಿಕೊಂಡಿದೆ. ಪ್ರತ್ಯಕ್ಷ ಪ್ರಮಾಣಕ್ಕೆ ಅಂದಿನ ಹುಡುಗರೇ ಆಧಾರ. ಈಗ ಎಂಬತ್ತರ ಆಸುಪಾಸಿನಲ್ಲಿರುವ ಅವರು ಎರಡು ಮಾತನ್ನು ಆಣೆಯಿಟ್ಟು ಹೇಳುತ್ತಾರೆ: ಅಂಥ ಹ್ಯಾಂಬರ್ಗರ್ ಈಗ ಎಲ್ಲೂ ಸಿಗುವುದಿಲ್ಲ, ತನ್ನ ಕಾರನ್ನು ಹಿಂದೆ ಹಾಕುವ ಕಾರು ಊರಿನಲ್ಲೇ ಇರಲಿಲ್ಲ. ಎರಡನೆಯ ಮಾತನ್ನು ಒಂದೇ ಊರಿನವರೆಲ್ಲ ಹೇಳುವುದರಿಂದ ಪ್ರತ್ಯಕ್ಷ ಪ್ರಮಾಣ ಕೊಂಚ ಅಲುಗಾಡುತ್ತದೆ. ಅನುಮಾನ ಪ್ರಮಾಣ ಪೂರ್ತಿಯಾಗಿ ಪೊಲೀಸರ ವಶದಲ್ಲಿತ್ತು. ಶಬ್ದ ಪ್ರಮಾಣವನ್ನು ಸೈಲೆನ್ಸರುಗಳು ಒದಗಿಸುತ್ತಿದ್ದವು. ಇಡೀ ಬೀದಿಗೇ ಕೇಳಿಸುತ್ತಿದ್ದ ಅದನ್ನು ಯಾವ ನಾಸ್ತಿಕನೂ ಅಲ್ಲಗಳೆಯಲಾರ.

ಉತ್ಪತ್ತಿ ಪ್ರಕರಣ

ಕಾರಿನಲ್ಲೇ ಕುಳಿತು ತಿನ್ನುವ ಹೋಟೆಲು, ಅಂದರೆ ಡ್ರೈವ್‌ಇನ್ನಿನ ಮೂಲದ ಬಗ್ಗೆ ಪಂಥಭೇದವಿದೆ. ಟೆಕ್ಸಾಸ್ ಪಂಥದವರು 1921ರಲ್ಲಿ ಡಲ್ಲಾಸ್‌ನ ಹೊರಗೆ, ಫೋರ್ಟ್‌ವರ್ತ್ ರಸ್ತೆಯಲ್ಲಿ ಜೆ. ಜಿ. ಕರ್ಬಿ ಎಂಬಾತ ತೆರೆದ ಪಿಗ್ ಸ್ಟ್ಯಾಂಡ್ ಅನ್ನು ಆದಿಪೀಠವೆಂದು ತೋರಿಸುತ್ತಾರೆ. ಕಾರು ಕೊಂಡವನು ಕಾರಿನಿಂದ ಇಳಿಯಲಾರದಷ್ಟು ಸೋಮಾರಿಯಾಗುತ್ತಾನೆ ಎಂಬುದು ಈ ಪಂಥದ ಮೂಲಸೂತ್ರ. ನೂರು ವರ್ಷವಾದರೂ ಇದನ್ನು ಯಾರೂ ಖಂಡಿಸಿಲ್ಲ. ಕ್ಯಾಲಿಫೋರ್ನಿಯಾ ಪಂಥದವರು 1919ರಲ್ಲಿ ಲೋಡೈ ಊರಿನಲ್ಲಿ ರಾಯ್ ಆ್ಯಲನ್ ಇಟ್ಟ ರೂಟ್‌ಬಿಯರ್ ಅಂಗಡಿಯತ್ತ ಬೆರಳು ಮಾಡುತ್ತಾರೆ. ಮುಂದೆ ಎ ಅಂಡ್ ಡಬ್ಲ್ಯೂ ಎಂದು ಹೆಸರಾದ ಸಂಸ್ಥೆ ಅದೇ. ಒಂದರಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್, ಇನ್ನೊಂದರಲ್ಲಿ ಪಾನೀಯ. ಎರಡರಲ್ಲೂ ಹ್ಯಾಂಬರ್ಗರ್ ಪ್ರಧಾನವಾಗಿರಲಿಲ್ಲ ಎಂಬ ಅಂಶವನ್ನು ಓದುಗರು ನೆನಪಿಡಬೇಕು. ಸಿದ್ಧಾಂತ ಪ್ರಕರಣದಲ್ಲಿ ಇದರ ಅಗತ್ಯ ಬೀಳುತ್ತದೆ.

ಅಂದಿನ ಕಾರುಗಳ ಬಾಗಿಲ ಕೆಳಗೆ ಉದ್ದಕ್ಕೆ ಮೆಟ್ಟಿಲುಹಲಗೆ ಇರುತ್ತಿತ್ತು. ಕಾರು ನಿಲ್ಲುವ ಮೊದಲೇ ಅದರ ಮೇಲೆ ಜಿಗಿದು ಆರ್ಡರ್ ಕೇಳುತ್ತಿದ್ದ ಹುಡುಗರೇ ಕಾರ್‌ಹಾಪ್‌ಗಳು. ಮುಂದೆ ಆ ಕೆಲಸ ಹುಡುಗಿಯರ ಪಾಲಾಯಿತು; ಗಿರಾಕಿ ಹುಡುಗರ ಸಂಖ್ಯೆ ಹೆಚ್ಚಿದ್ದಕ್ಕೆ ಅಡುಗೆಯ ಗುಣಮಟ್ಟವೇ ಕಾರಣ ಎಂದು ವಾದಿಸುವ ಒಂದು ಪಂಥ ಇನ್ನೂ ಉಳಿದಿದೆ. 1930ರ ದಶಕದ ಲಾಸ್ ಏಂಜಲೀಸ್‌ನಲ್ಲಿ ಈ ಕಟ್ಟಡಗಳು ದುಂಡಗಾದವು: ನಡುವೆ ಅಡುಗೆಮನೆ, ಸುತ್ತ ಕಾರುಗಳು. ಇವುಗಳ ಪ್ರಮುಖ ವಾಸ್ತುಶಿಲ್ಪಿ ವೇಯ್ನ್ ಮೆಕಾಲಿಸ್ಟರ್. 1949ರಲ್ಲಿ ಬರ್ಬ್ಯಾಂಕ್‌ನಲ್ಲಿ ಅವರು ಕಟ್ಟಿದ ಬಾಬ್ಸ್ ಬಿಗ್ ಬಾಯ್ ಈಗಲೂ ನಿಂತಿದೆ.

ಸೇವಾವಿಧಿ

ಮೊದಲು ಕಾರನ್ನು ಆವರಣದೊಳಗೆ ತಂದು, ಯಾರ್‍ಯಾರು ಬಂದಿದ್ದಾರೆ ಎಂದು ನೋಡುತ್ತ ಒಂದು ಸುತ್ತು ಬರುವುದು. ಜಾಗ ಖಾಲಿ ಇದ್ದರೂ ನಿಲ್ಲಿಸದೆ ಇನ್ನೊಂದು ಸುತ್ತು ಬರುವುದು. ಆಮೇಲೆ ಮೂತಿ ರಸ್ತೆಯ ಕಡೆಗಿರುವಂತೆ ಹಿಮ್ಮುಖವಾಗಿ ನಿಲ್ಲಿಸುವುದು; ಇದು ನೋಡುವುದಕ್ಕೂ ನೋಡಿಸಿಕೊಳ್ಳುವುದಕ್ಕೂ ಅನುಕೂಲ. ಹೆಡ್‌ಲೈಟು ಮಿನುಗಿಸಿದರೆ ಕಾರ್‌ಹಾಪ್ ಬರುತ್ತಾಳೆ. ಕೆಲವೆಡೆ ಗಾಲಿಚಪ್ಪಲಿಯ ಮೇಲೆ ಜಾರಿಕೊಂಡು ಬರುತ್ತಾಳೆ. ಕಿಟಕಿಯ ಗಾಜನ್ನು ಸ್ವಲ್ಪವೇ ಮೇಲಕ್ಕೆತ್ತಬೇಕು. ಲೋಹದ ತಟ್ಟೆಯ ಕೊಕ್ಕೆ ಅದರ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಗಾಜು ಪೂರ್ತಿ ಇಳಿದಿದ್ದರೆ ತಟ್ಟೆ ನಿಲ್ಲದು, ಪೂರ್ತಿ ಏರಿದ್ದರೆ ತಿನ್ನುವವನ ಕೈ ತಲುಪದು. ಮಧ್ಯಮ ಮಾರ್ಗವೆಂದರೆ ಏನೆಂದು ಅಮೆರಿಕದ ತರುಣರಿಗೆ ಕಲಿಸಿದ ಏಕೈಕ ಸಾಧನ ಇದು.

ಊಟ ಮುಗಿದ ಮೇಲೆ ಮತ್ತೆ ದೀಪ ಮಿನುಗಿಸಿದರೆ ತಟ್ಟೆ ಒಯ್ಯುತ್ತಾರೆ. ಆದ್ದರಿಂದ ಯಾರೂ ದೀಪ ಮಿನುಗಿಸುತ್ತಿರಲಿಲ್ಲ.

ಪ್ರದಕ್ಷಿಣ ಪ್ರಕರಣ

ಇಲ್ಲಿಗೆ ಪ್ರಬಂಧದ ತಿರುಳನ್ನು ತಲುಪಿದೆವು. ಡ್ರೈವ್‌ಇನ್ನಿನಿಂದ ಹೊರಟ ಕಾರು ಮುಖ್ಯ ಬೀದಿಯ ತುದಿಯವರೆಗೆ ಹೋಗಿ, ಮತ್ತೆ ಡ್ರೈವ್‌ಇನ್ನಿಗೇ ಬರುತ್ತದೆ. ಬಂದು, ಮತ್ತೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಮಾಡೆಸ್ಟೊ ಊರಿನಲ್ಲಿ 10 ಮತ್ತು 11ನೆಯ ಬೀದಿಗಳು ಇದಕ್ಕೆ ಮೀಸಲು. ಪೂರ್ವ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಹುಡುಗರಿಗೆ ವಿಟಿಯರ್ ಬುಲೆವಾರ್ಡ್, ಸ್ಯಾನ್ ಫರ್ನಾಂಡೊ ಕಣಿವೆಯವರಿಗೆ ವ್ಯಾನ್ ನೈಸ್ ಬುಲೆವಾರ್ಡ್. ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಟೋಟೆಮ್ ಪೋಲ್ ಮತ್ತು ಟೆಡ್ಸ್ ಎಂಬ ಎರಡು ಡ್ರೈವ್‌ಇನ್‌ಗಳ ನಡುವೆ ಹೋಗಿಬರುವುದೇ ವ್ರತ. ಕಾರು ಕಂಪನಿಯ ಎಂಜಿನಿಯರುಗಳೂ ರಾತ್ರಿ ಅಲ್ಲಿಗೆ ಹೊಸ ಎಂಜಿನ್ನು ತಂದು ಪರೀಕ್ಷಿಸುತ್ತಿದ್ದರು.

ಅಮೆರಿಕದಲ್ಲಿ ರಸ್ತೆಯ ಬಲಬದಿಗೆ ಓಡಿಸುತ್ತಾರೆ. ಬಲಕ್ಕೆ ತಿರುಗುವುದು ಸುಲಭ. ಬಲಕ್ಕೇ ತಿರುಗುತ್ತ ಹೋದರೆ ನಡುವಿನ ಕಟ್ಟಡ ಸದಾ ಬಲಗಡೆ ಉಳಿಯುತ್ತದೆ. ಅಂದರೆ, ತಮಗೆ ಗೊತ್ತಿಲ್ಲದೆಯೇ ಆ ಪಡ್ಡೆ ಹುಡುಗರು ಮಾಡುತ್ತಿದ್ದದ್ದು ಆಗಮೋಕ್ತ ಪ್ರದಕ್ಷಿಣೆ. ಎಡಬದಿಗೆ ಓಡಿಸುವ ನಮ್ಮಲ್ಲಿ ಇದೇ ಕೆಲಸ ಮಾಡಿದರೆ ಅಪ್ರದಕ್ಷಿಣೆಯಾಗುತ್ತದೆ. ಬೆಂಗಳೂರಿನ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲಿನಲ್ಲಿ ದಶಕಗಳ ಕಾಲ ಮರದ ನೆರಳಿನಡಿ ಕಾರಿಗೇ ದೋಸೆ, ಕಾಫಿ ತಂದುಕೊಡುತ್ತಿದ್ದರೂ ಅಲ್ಲಿ ಸುತ್ತುವ ಪಂಥ ಹುಟ್ಟದಿದ್ದುದಕ್ಕೆ ಇದೇ ಕಾರಣ. ಬೆಂಗಳೂರಿನ ಹುಡುಗರು ಸುತ್ತಿದ್ದು ಬ್ರಿಗೇಡ್ ರಸ್ತೆಯಲ್ಲಿ, ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿ; ಕಾಲಿಗೆ ಎಡಬಲದ ದೋಷವಿಲ್ಲ.

ವೇಗದ ಬಗ್ಗೆ ಒಂದು ನಿಯಮವನ್ನು ಇಲ್ಲಿ ಮಂಡಿಸಬಹುದು: ಕಾರಿನ ಶಕ್ತಿ ಹೆಚ್ಚಿದಷ್ಟೂ ಅದು ನಿಧಾನವಾಗಿ ಚಲಿಸುತ್ತದೆ. 1955ರ ಷೆವರ್ಲೆಯ ವಿ8 ಎಂಜಿನ್ನಿಗೆ 162 ಅಶ್ವಶಕ್ತಿ. ಅಷ್ಟೂ ಅಶ್ವಗಳನ್ನು ಎಳೆದು ಹಿಡಿದು, ಪಕ್ಕದ ಕಾರಿನ ಹುಡುಗಿಯ ಹೆಸರು ಕೇಳುವಷ್ಟು ಹೊತ್ತು ಜತೆಜತೆಗೇ ಸಾಗುವುದರಲ್ಲಿತ್ತು ಸಾರಥ್ಯ. ಎಲ್ಲ ಕಾರಿನಲ್ಲೂ ಒಂದೇ ರೇಡಿಯೊ ಕೇಂದ್ರ. ಅಮೆರಿಕದೊಳಗೆ 50 ಕಿಲೊವ್ಯಾಟ್ ಮೀರುವಂತಿರಲಿಲ್ಲವಾಗಿ, ಗಡಿಯಾಚೆ ಮೆಕ್ಸಿಕೊದಲ್ಲಿ ಅದಕ್ಕಿಂತ ದೊಡ್ಡ ಟ್ರಾನ್ಸ್‌ಮಿಟರ್ ನಿಲ್ಲಿಸಿ ಕೂಗುತ್ತಿದ್ದರು. ವೂಲ್ಫ್‌ಮನ್ ಜಾಕ್ ಎಂಬ ರೇಡಿಯೊ ನಿರೂಪಕ ಹೆಸರಾದದ್ದು ಹಾಗೆ. ಬೀದಿಯ ಈ ತುದಿಯಲ್ಲಿ ಶುರುವಾದ ಹಾಡು ಆ ತುದಿಯವರೆಗೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಕಡಿಯದೆ ಸಾಗುತ್ತಿತ್ತು.

ಪೂರ್ವಪಕ್ಷ: ಮೆಕ್‌ಡೊನಾಲ್ಡ್ ಸೋದರರ ಆಕ್ಷೇಪ

ಇಂಥ ಸುಭಿಕ್ಷದ ಕಾಲದಲ್ಲಿ ಸ್ಯಾನ್ ಬರ್ನಾರ್ಡಿನೊದ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಸೋದರರು ಲೆಕ್ಕದ ಪುಸ್ತಕ ಬಿಚ್ಚಿದರು. 1940ರಿಂದ ಅವರ ಡ್ರೈವ್‌ಇನ್ ಚೆನ್ನಾಗಿಯೇ ನಡೆದಿತ್ತು. ಸುಮಾರು ಇಪ್ಪತ್ತು ಕಾರ್‌ಹಾಪ್‌ಗಳಿದ್ದರು. ಆದರೆ ಮಾರಾಟವಾದದ್ದರಲ್ಲಿ ದೊಡ್ಡ ಪಾಲು ಹ್ಯಾಂಬರ್ಗರೇ ಎಂದೂ, ಹುಡುಗರು ನೋಡಲು ಬರುವುದು ಕಾರ್‌ಹಾಪ್‌ಗಳನ್ನು ಎಂದೂ, ಹುಡುಗರಿರುವ ಕಡೆ ಸಂಸಾರಸ್ಥರು ಬರುವುದಿಲ್ಲ ಎಂದೂ, ಗಾಜಿನ ಲೋಟ ಮತ್ತು ಚಮಚಗಳು ಒಂದೋ ಒಡೆಯುತ್ತವೆ ಇಲ್ಲವೋ ಮಾಯವಾಗುತ್ತವೆ ಎಂದೂ ಅವರಿಗೆ ಗೋಚರಿಸಿತು. 1948ರಲ್ಲಿ ಮೂರು ತಿಂಗಳು ಬಾಗಿಲು ಹಾಕಿ, ಮತ್ತೆ ತೆರೆದಾಗ ಕಾರ್‌ಹಾಪ್‌ಗಳಿರಲಿಲ್ಲ. ಪಟ್ಟಿಯಲ್ಲಿ ಉಳಿದದ್ದು ಒಂಬತ್ತು ಪದಾರ್ಥ. ತಟ್ಟೆಯ ಬದಲು ಕಾಗದ. ಹ್ಯಾಂಬರ್ಗರಿಗೆ 15 ಸೆಂಟ್. ಬೇಕಾದವರು ಇಳಿದು, ಕಿಟಕಿಯ ಬಳಿ ನಿಂತು ಕೊಳ್ಳಬೇಕು. ಮೊದಮೊದಲು ಗಿರಾಕಿಗಳು ಕಾರಿನಲ್ಲೇ ಕುಳಿತು ಹಾರನ್ ಒತ್ತಿ ಕಾದರು. ಯಾರೂ ಬರಲಿಲ್ಲ.

1955ರಲ್ಲಿ ರೇ ಕ್ರಾಕ್ ಎಂಬ ವ್ಯಾಪಾರಿ ಈ ದರ್ಶನವನ್ನು ಊರೂರಿಗೆ ಹಬ್ಬಿಸಲು ಹೊರಟಾಗ ಭಾಷ್ಯವನ್ನು ಇನ್ನೂ ಬಿಗಿಗೊಳಿಸಿದ: ಜೂಕ್‌ಬಾಕ್ಸ್ ಕೂಡದು, ಸಿಗರೇಟು ಯಂತ್ರ ಕೂಡದು, ಸಾರ್ವಜನಿಕ ಟೆಲಿಫೋನ್ ಕೂಡದು. ಹುಡುಗರು ತಂಗಲು ಕಾರಣವಾಗುವ ಯಾವುದೂ ಕೂಡದು. ತಿಂದವನು ಹೋಗಬೇಕು. 1961ರಲ್ಲಿ 27 ಲಕ್ಷ ಡಾಲರ್ ಕೊಟ್ಟು ಸೋದರರನ್ನೇ ಕಳಿಸಿಕೊಟ್ಟ. ತತ್ತ್ವನಿಷ್ಠೆ ಎಂದರೆ ಇದು.

ದಂಡನೀತಿ ಪ್ರಕರಣ

ಇತ್ತ ಶಾಸಕರೂ ಸುಮ್ಮನಿರಲಿಲ್ಲ. 1958ರಲ್ಲಿ ಕ್ಯಾಲಿಫೋರ್ನಿಯಾ ಒಂದು ವಿಧಿ ಮಾಡಿತು: ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಅಂಚಿಗಿಂತ ಕೆಳಗೆ ಇಳಿದಿರಬಾರದು. ನೆಲಕ್ಕೆ ತಾಗುವಂತೆ ಕಾರು ತಗ್ಗಿಸುತ್ತಿದ್ದ ಲೋರೈಡರ್‌ಗಳ ಮೇಲೆ ಗುರಿ. ಮರುವರ್ಷವೇ ರಾನ್ ಅಗೀರೆ ಎಂಬ ತರುಣ ತನ್ನ ಕಾರ್ವೆಟ್‌ಗೆ ವಿಮಾನದ ಹೈಡ್ರಾಲಿಕ್ ಪಂಪು ಜೋಡಿಸಿದ. ಪೊಲೀಸ್ ಕಂಡಾಗ ಕಾರು ಏಳುತ್ತದೆ, ಮರೆಯಾದ ಮೇಲೆ ಕೂರುತ್ತದೆ. ದೊಡ್ಡವರು ಎದುರಾದಾಗ ಎದ್ದು ನಿಲ್ಲುವ ಸಂಸ್ಕಾರವನ್ನು ಯಂತ್ರಕ್ಕೂ ಕಲಿಸಿದ ಮೊದಲಿಗ ಈತನೇ ಇರಬೇಕು.

1980ರ ದಶಕದಲ್ಲಿ ಸುತ್ತುವುದನ್ನೇ ನಿಷೇಧಿಸುವ ಅಧಿಕಾರ ಅಲ್ಲಿನ ಊರುಗಳಿಗೆ ಸಿಕ್ಕಿತು. ಆಗ ಎದ್ದ ತೊಡಕು ವ್ಯಾಖ್ಯಾನದ್ದು: ಸುಮ್ಮನೆ ಸುತ್ತುವವನನ್ನೂ ದಾರಿ ತಪ್ಪಿದವನನ್ನೂ ಬೇರ್ಪಡಿಸುವುದು ಹೇಗೆ? ಕಾನೂನು ಕಂಡುಕೊಂಡ ಲಕ್ಷಣ ಹೀಗಿತ್ತು: ವಾಹನ ದಟ್ಟಣೆಯಿರುವಾಗ, ನಿಗದಿತ ಅವಧಿಯೊಳಗೆ, ಲಿಖಿತ ಎಚ್ಚರಿಕೆ ಪಡೆದ ಬಳಿಕವೂ ಒಂದೇ ಸಂಚಾರ ನಿಯಂತ್ರಣ ಬಿಂದುವನ್ನು ಮರಳಿ ದಾಟುವುದು. ಅಂದರೆ ಮೊದಲ ಸುತ್ತು ಪ್ರಯಾಣ, ಎರಡನೆಯದು ಅಪರಾಧ. ಅಣಕು ಪ್ರಬಂಧ ಬರೆಯುವವರಿಗೆ ಕೆಲಸ ಕಡಿಮೆ ಮಾಡಿದ್ದಕ್ಕಾಗಿ ಆ ಶಾಸನಸಭೆಗೆ ಪ್ರಬಂಧಕಾರ ಋಣಿ.

ಪುರಾಣೀಕರಣ

ಮಾಡೆಸ್ಟೊದ ಬೀದಿಗಳಲ್ಲಿ ಸುತ್ತಿ, 1962ರ ಜೂನಿನಲ್ಲಿ ಹೈಸ್ಕೂಲು ಮುಗಿಯುವ ಹೊಸ್ತಿಲಲ್ಲಿ ತನ್ನ ಪುಟ್ಟ ಆಟೊಬಿಯಾಂಕಿ ಕಾರನ್ನು ಅಪಘಾತದಲ್ಲಿ ಕಳೆದುಕೊಂಡ ಹುಡುಗನೊಬ್ಬ, ಹತ್ತು ವರ್ಷದ ಮೇಲೆ ಈ ಸುತ್ತುವಿಕೆಯನ್ನೇ ಸಿನಿಮಾ ಮಾಡಿದ. ಹೆಸರು ಜಾರ್ಜ್ ಲೂಕಸ್, ಚಿತ್ರ ‘ಅಮೆರಿಕನ್ ಗ್ರಾಫಿಟಿ’. ಸ್ಯಾನ್ ರಫೇಲ್‌ನಲ್ಲಿ ಚಿತ್ರೀಕರಣ ಶುರುವಾದದ್ದೇ, ಕಾರುಗಳಿಂದ ವ್ಯಾಪಾರ ಕೆಡುತ್ತದೆಂಬ ದೂರಿನ ಮೇಲೆ ಊರಿನವರು ಅನುಮತಿ ಹಿಂತೆಗೆದರು; ತಂಡ ಪೆಟಲುಮಾಕ್ಕೆ ಗುಳೆ ಹೋಯಿತು. ಸುತ್ತುವುದರ ನಟನೆಯನ್ನೂ ಸಹಿಸದ ಊರು ನಿಜವಾಗಿ ಸುತ್ತಿದವರನ್ನು ಹೇಗೆ ನಡೆಸಿಕೊಂಡಿರಬಹುದೆಂದು ಇದರಿಂದ ಊಹಿಸಬಹುದು. ಡ್ರೈವ್‌ಇನ್ ಆಗಿ ಕಾಣಿಸಿಕೊಂಡದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1947ರಲ್ಲಿ ತೆರೆದ ಮೆಲ್ಸ್. ಚಿತ್ರ 1973ರ ಆಗಸ್ಟಿನಲ್ಲಿ ತೆರೆಕಂಡಿತು. ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಕೊಡುವುದಿಲ್ಲ ಎಂದವು. 1976ರಲ್ಲಿ ಆ ಮೆಲ್ಸ್ ಕಟ್ಟಡವನ್ನು ಕೆಡವಿದರು.

ಸಿದ್ಧಾಂತ

ಈಗ ಅರ್ಥಶಾಸ್ತ್ರಕ್ಕೆ ಬರೋಣ. 1962ರ ಸುಮಾರಿಗೆ ಒಂದು ಗ್ಯಾಲನ್, ಅಂದರೆ 3.8 ಲೀಟರ್ ಪೆಟ್ರೋಲಿಗೆ 30 ಸೆಂಟಿನಷ್ಟು ಬೆಲೆ. 15 ಸೆಂಟಿನ ದರದಲ್ಲಿ ಎರಡು ಹ್ಯಾಂಬರ್ಗರಿಗೂ ಅಷ್ಟೇ. ಕಾರಿನ ಹೊಟ್ಟೆಗೂ ಹುಡುಗನ ಹೊಟ್ಟೆಗೂ ಹೀಗೊಂದು ವಿನಿಮಯ ದರ ತಾನಾಗಿ ಏರ್ಪಟ್ಟಿತ್ತು. ಕೈಯಲ್ಲಿ 45 ಸೆಂಟ್ ಇದ್ದವನು ಒಂದು ಗ್ಯಾಲನ್ ಹಾಕಿಸಿ, ಒಂದೇ ಒಂದು ಹ್ಯಾಂಬರ್ಗರ್ ಕೊಂಡು, ಅದನ್ನು ಎರಡು ಗಂಟೆ ತಿನ್ನುತ್ತಿದ್ದ. ಯಾವ ಹಸಿದವನೂ ಹೀಗೆ ತಿನ್ನುವುದಿಲ್ಲ. ಆದ್ದರಿಂದ ಹ್ಯಾಂಬರ್ಗರ್ ಆಹಾರವಲ್ಲ, ಜಾಗದ ಬಾಡಿಗೆ. ಮೊದಲ ಡ್ರೈವ್‌ಇನ್‌ಗಳು ಬೇರೇನೋ ಮಾರಿಯೂ ನಡೆದದ್ದು ಇದರಿಂದಲೇ.

ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಮೇಷ್ಟ್ರು, ಚರ್ಚಿನಲ್ಲಿ ಪಾದ್ರಿ. ಹದಿನಾರರ ಹುಡುಗನಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದೇ ಕೋಣೆ ಕಾರು. ಅದನ್ನು ನಾಲ್ಕು ಜನರ ಎದುರು ನಿಲ್ಲಿಸಬಹುದಾದ ಒಂದೇ ಜಾಗ ಡ್ರೈವ್‌ಇನ್. ಮೆಕ್‌ಡೊನಾಲ್ಡ್ ಸೋದರರು ಹ್ಯಾಂಬರ್ಗರ್ ಉಳಿಸಿಕೊಂಡು ಜಾಗವನ್ನು ತೆಗೆದರು. ಅದರಿಂದ ಅವರು ಗೆದ್ದರು, ಊರಿನ ಹುಡುಗರು ಸೋತರು. ಎರಡೂ ನಿಜ.

ಸೋತವರು ಸುಮ್ಮನಾಗಲಿಲ್ಲ. 1995ರಲ್ಲಿ ಡೆಟ್ರಾಯಿಟ್ ಬಳಿಯ ಫರ್ನ್‌ಡೇಲ್‌ನಲ್ಲಿ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆ ಕಾರುಗಳ ಮೆರವಣಿಗೆ ಇಟ್ಟರು. ಬಂದವರು ಸುಮಾರು ಎರಡೂವರೆ ಲಕ್ಷ ಮಂದಿ. ಹೆಚ್ಚಿನವರ ತಲೆ ನರೆತಿತ್ತು. ಅಂದು ದಂಡ ಹಾಕಿಸಿಕೊಂಡ ಕೆಲಸವನ್ನೇ ಈಗ ಪ್ರತಿ ಆಗಸ್ಟಿನಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಮಾಡುತ್ತಾರೆ. ಕ್ಯಾಲಿಫೋರ್ನಿಯಾ ಕೂಡ 2023ರಲ್ಲಿ ಹೊಸ ಕಾನೂನು ತಂದು, ಸುತ್ತುವುದರ ಮೇಲಿನ ನಿಷೇಧಗಳನ್ನೂ ತಗ್ಗಿದ ಕಾರುಗಳ ಮೇಲಿನ ನಿರ್ಬಂಧವನ್ನೂ ತೆಗೆದುಹಾಕಿತು. 2024ರ ಜನವರಿ 1ರಿಂದ ಅಲ್ಲಿ ಎರಡನೆಯ ಸುತ್ತೂ ಪ್ರಯಾಣವೇ.

ಫಲಶ್ರುತಿ: ಈ ಪ್ರಬಂಧವನ್ನು ಓದಿದ ತಂದೆತಾಯಿಗಳು, ಸಂಜೆ ಬೈಕಿನ ಕೀಲಿ ಎತ್ತಿಕೊಂಡು ‘ಒಂದು ರೌಂಡ್ ಹೋಗಿ ಬರ್ತೀನಿ’ ಎನ್ನುವ ಮಗನನ್ನು ಎಲ್ಲಿಗೆ ಎಂದು ಕೇಳತಕ್ಕದ್ದಲ್ಲ. ಅದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಪೆಟ್ರೋಲಿಗೆ ಯಾರ ದುಡ್ಡು ಎಂದು ಕೇಳಬಹುದು.