ಮುಂದಿನ ಆದೇಶದವರೆಗೆ

ನಮ್ಮ ನಲ್ಲೂರಿನಲ್ಲಿ ‘ಸರ್ವರ್’ ಅಂದರೆ ಹೋಟೆಲಿನಲ್ಲಿ ಹೆಗಲಿಗೆ ಬಟ್ಟೆ ಹಾಕಿಕೊಂಡು ಇಡ್ಲಿ ತರುವವನು. ಹಾಗಾಗಿ ಪಕ್ಕದ ತೋಟದ ಅವ್ವ, ‘ನನ್ನ ಮಗ ಯೂನಿವರ್ಸಿಟಿಯಾಗೆ ಸರ್ವರ್ ನೋಡ್ಕಂತಾನೆ’ ಅಂದಾಗ, ಪಿಎಚ್‌.ಡಿ. ಮಾಡಿದ ಹುಡುಗನಿಗೆ ಹೀಗಾಗಬಾರದಿತ್ತು ಎಂದು ಮರುಗಿದವರು ಹತ್ತಾರು ಮಂದಿ. ಈಗ ಊರಿಗೆಲ್ಲ ಅವರು ಸರ್ವರ್ ಸಾಹೇಬರು. ಯಾವ ವಿಶ್ವವಿದ್ಯಾಲಯ ಎಂದು ಹೇಳಲಾರೆ. ರಾಜ್ಯದಲ್ಲಿ ಬೇಕಾದಷ್ಟಿವೆ, ಯಾವುದರೊಳಗೆ ಹೊಕ್ಕರೂ ಇವರು ಎದುರಾಗುತ್ತಾರೆ.

ಕಲಿಸುವುದು ಭೌತಶಾಸ್ತ್ರ. ಒಂಬತ್ತು ವರ್ಷದ ಹಿಂದೆ ಒಂದು ಸಭೆಯಲ್ಲಿ ಪ್ರೊಜೆಕ್ಟರ್ ಹತ್ತಲಿಲ್ಲ. ಇವರು ಎದ್ದು ಹೋಗಿ ವೈರು ಅಲ್ಲಾಡಿಸಿದರು, ಹತ್ತಿತು. ಮಾಡಬಾರದ ತಪ್ಪು. ಆ ವಾರವೇ ಆದೇಶ ಬಂತು: ಹಾಲಿ ಕರ್ತವ್ಯದ ಜೊತೆಗೆ ಮಾಹಿತಿ ತಂತ್ರಜ್ಞಾನ ವಿಭಾಗದ ಪ್ರಭಾರ ನಿರ್ದೇಶಕರು, ಮುಂದಿನ ಆದೇಶದವರೆಗೆ. ಆ ಮುಂದಿನ ಆದೇಶವನ್ನು ಇವರು ಇನ್ನೂ ಕಾಯುತ್ತಿದ್ದಾರೆ. ಕೈಕೆಳಗೆ ಹೊರಗುತ್ತಿಗೆಯ ಇಬ್ಬರು ಹುಡುಗರು. ಒಬ್ಬನಿಗೆ ಎಲ್ಲ ಪಾಸ್‌ವರ್ಡ್ ಗೊತ್ತು, ಇನ್ನೊಬ್ಬನಿಗೆ ಅವನು ಎಲ್ಲಿದ್ದಾನೆಂದು ಗೊತ್ತು.

ಅಡಿಕೆ ಕೊಯ್ಲು ಶುರುವಾದರೆ ಸಾಹೇಬರು ಶನಿವಾರ ತಪ್ಪದೆ ಊರಿಗೆ ಬರುತ್ತಾರೆ. ಒಂದು ಕಡೆ ಸುಲಿಯುವ ಯಂತ್ರದ ಸದ್ದು, ಇನ್ನೊಂದು ಕಡೆ ಹಂಡೆಯಲ್ಲಿ ಕುದಿಯುವ ಚೊಗರು, ಕಣದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಎರಡು ಮೊಬೈಲಿನ ಸಾಹೇಬರು. ಒಂದು ಮೊಬೈಲು ಕುಲಪತಿಗಳ ಕಚೇರಿಗೆ, ಇನ್ನೊಂದು ಉಳಿದ ಲೋಕಕ್ಕೆ. ಮೊದಲನೆಯದು ಬಂದರೆ ಎದ್ದು ನಿಲ್ಲುತ್ತಾರೆ. ಆ ಕಡೆಯವರಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನವಾಯಿತು ಎಂದು ಕೇಳಿ ನೋಡಿ, ಕತೆ ಬಿಚ್ಚುತ್ತಾರೆ. ಮೊದಲು ಟಿಪ್ಪಣಿ ಹಾಳೆ. ಅದು ಕುಲಸಚಿವರ ಮೇಜಿಗೆ ಹೋಗಿ, ಹಣಕಾಸು ಅಧಿಕಾರಿಗಳ ಮೇಜಿಗೆ ಹೋಗಿ, ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ಹಿಂದಕ್ಕೆ. ಚರ್ಚಿಸಿದರೆ 1999ರ ಪಾರದರ್ಶಕತೆ ಕಾಯ್ದೆ. ಟೆಂಡರ್ ಕರೆಯಬೇಕು, ಇಲ್ಲವೇ 4(ಜಿ) ವಿನಾಯಿತಿಗೆ ಸರ್ಕಾರದ ಬಾಗಿಲು ಬಡಿಯಬೇಕು. ಅಷ್ಟರಲ್ಲಿ ಕರೆಂಟು ಹೋಗಿ ಸರ್ವರ್ ಮಲಗುತ್ತದೆ. ಎಲ್ಲರೂ ಒಟ್ಟಿಗೆ ‘ಮೊದಲೇ ಯಾಕೆ ತರಿಸಲಿಲ್ಲ?’ ಅನ್ನುತ್ತಾರೆ. ಸಾಹೇಬರು ತಮ್ಮ ಜೇಬಿನಿಂದ ತರಿಸಿ, ಆಮೇಲೆ ‘ಘಟನೋತ್ತರ ಅನುಮೋದನೆ’ಗೆ ಕಡತ ಮಂಡಿಸುತ್ತಾರೆ. ಕನ್ನಡದಲ್ಲಿ ಇಷ್ಟು ನೆಮ್ಮದಿ ಕೊಡುವ ಪದ ಮತ್ತೊಂದಿಲ್ಲವಂತೆ.

ಆದರೂ ಕೈಲಾಗದವರು ಎನ್ನುವಂತಿಲ್ಲ. ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಇವರನ್ನು ನೋಡಬೇಕು. ನಾಲ್ಕನೇ ಮಾನದಂಡದಲ್ಲಿ ಐಟಿ ಸೌಲಭ್ಯಕ್ಕೆ ಅಂಕ ಉಂಟಲ್ಲ, ಆ ವಾರ ಹಾಸ್ಟೆಲಿನ ವೈಫೈ ಡಬ್ಬಿಗಳೆಲ್ಲ ಗೋಡೆಯಿಂದ ಇಳಿಯುತ್ತವೆ. ಉತ್ಸವಮೂರ್ತಿಯ ಹಾಗೆ ವಿಭಾಗದಿಂದ ವಿಭಾಗಕ್ಕೆ, ತಂಡಕ್ಕಿಂತ ಒಂದು ಕೋಣೆ ಮುಂದೆ ಹೊರಟು, ಕೊನೆಗೆ ಅತಿಥಿಗೃಹದಲ್ಲಿ ಬಿಡಾರ ಹೂಡುತ್ತವೆ. ಇನ್ನು ಕುಲಪತಿಗಳ ಅವಧಿ ನಾಲ್ಕು ವರ್ಷ. ಬಂದವರೆಲ್ಲ ಕೇಳುವುದು ಹೊಸ ಜಾಲತಾಣ. ಸಾಹೇಬರು ಹಳೆಯದರಲ್ಲೇ ಫೋಟೊ ಬದಲಿಸಿ, ನೀಲಿ ಇದ್ದದ್ದನ್ನು ಹಸಿರು ಮಾಡುತ್ತಾರೆ. ಈವರೆಗೆ ಯಾರೂ ಕಂಡುಹಿಡಿದಿಲ್ಲ. 2021ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಏಕೀಕೃತ ಆನ್‌ಲೈನ್ ವ್ಯವಸ್ಥೆ ಬಂದಾಗ ಉಳಿದವರು ಗೊಣಗಿದರು, ಇವರು ಸಿಹಿ ಹಂಚಿದರು. ಬೆರಳು ತೋರಿಸಲು ಮೇಲೊಂದು ಜಾಗ ಸಿಕ್ಕಿತಲ್ಲ!

ಹೋದ ವರ್ಷ ಇವರನ್ನು ಐದು ದಿನದ ನಾಯಕತ್ವ ತರಬೇತಿಗೆ ಕಳಿಸಿದರು. ಬ್ಯಾಗು, ಪೆನ್ನು, ಪ್ರಮಾಣಪತ್ರ, ಗ್ರೂಪ್ ಫೋಟೊ ಎಲ್ಲ ಬಂತು. ಜೊತೆಗೆ ‘ಸ್ಟೇಕ್‌ಹೋಲ್ಡರ್’ ಎಂಬ ಪದವೂ ಬಂತು. ಅಂದಿನಿಂದ ಖೇಣಿದಾರನೂ ಸ್ಟೇಕ್‌ಹೋಲ್ಡರ್, ಸುಲಿಯುವ ಹೆಂಗಸರೂ ಸ್ಟೇಕ್‌ಹೋಲ್ಡರ್, ಚನ್ನಗಿರಿಯ ತುಮ್‌ಕೋಸ್‌ನಲ್ಲಿ ರಾಶಿ ಅಡಿಕೆಯ ಧಾರಣೆ ಕೇಳಲು ಹೋದ ನಾನೂ ಸ್ಟೇಕ್‌ಹೋಲ್ಡರ್. ನಮ್ಮ ಚನ್ನಗಿರಿ ತಾಲ್ಲೂಕು 1997ರಲ್ಲಿ ಶಿವಮೊಗ್ಗ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ್ದನ್ನು ಅವರು ‘ಡೇಟಾ ಮೈಗ್ರೇಷನ್’ ಅನ್ನುತ್ತಾರೆ. ಇರಬಹುದು. ನಮ್ಮ ಮುದುಕರ ತಲೆಯೊಳಗಿನ ಸರ್ವರ್ ಇನ್ನೂ ಶಿವಮೊಗ್ಗದಲ್ಲೇ ಇದೆ.

ಮೊನ್ನೆ ಅಡಿಕೆ ಕಣದಲ್ಲಿ ಹರವಿತ್ತು, ಮೋಡ ಕಟ್ಟಿತು. ಟಿಪ್ಪಣಿಯಿಲ್ಲ, ಟೆಂಡರಿಲ್ಲ, ಸಾಹೇಬರು ಪಂಚೆ ಎತ್ತಿ ಕಟ್ಟಿ ಟಾರ್ಪಾಲಿನ ತುದಿ ಹಿಡಿದು ಓಡಿದ ಓಟ ನೋಡಿ ನಾನೇ ದಂಗಾದೆ. ಅರ್ಧ ಕಣ ಮುಚ್ಚುವಷ್ಟರಲ್ಲಿ ಮೊದಲನೇ ಮೊಬೈಲು ಕೂಗಿತು. ಟಾರ್ಪಾಲು ತಲೆಯ ಮೇಲೆ ಹೊತ್ತೇ ನೆಟ್ಟಗೆ ನಿಂತರು. ‘ಹೌದು ಸಾರ್, ನಾನೇ ಖುದ್ದಾಗಿ ಸ್ಥಳದಲ್ಲಿದ್ದೀನಿ ಸಾರ್, ಎಲ್ಲ ಕವರ್ ಆಗ್ತಾ ಇದೆ ಸಾರ್.’ ಸುಳ್ಳು ಅನ್ನಲು ನನಗೆ ಬಾಯಿ ಬರಲಿಲ್ಲ.

ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ಸಂಜೆ ಖೇಣಿದಾರ ಬಂದು, ‘ಸಾರ್, ಕೆಳಗಿನ ತೋಟದ ಕೊನೆ ನಾಳೆ ಇಳಿಸಾದಾ?’ ಅಂದ. ಸಾಹೇಬರು ಗಂಟಲು ಸರಿಮಾಡಿಕೊಂಡು, ಹವಾಮಾನ, ಆಳುಗಳ ಲಭ್ಯತೆ, ಎಲ್ಲ ಸ್ಟೇಕ್‌ಹೋಲ್ಡರುಗಳ ಅಭಿಪ್ರಾಯ ಎಂದು ಶುರುಮಾಡಿದರು. ಒಳಗಿಂದ ಅವ್ವನ ದನಿ ಬಂತು: ‘ದೋಟಿ ತಗಂಡು ಆರು ಗಂಟೆಗೆ ಬಾರಪ್ಪ. ಆಳಿಗೆ ಆಗ್ಲೇ ಹೇಳೀನಿ.’

ಖೇಣಿದಾರ ಆಗಲೇ ಬೈಕ್ ಒದೆಯುತ್ತಿದ್ದ. ಸಾಹೇಬರು ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಅಂದರು: ‘ಘಟನೋತ್ತರ ಅನುಮೋದನೆ.’