ಯಜಮಾನ ಹೊರಗೆ, ಅಪ್‌ಡೇಟ್ ಒಳಗೆ

2016ರ ಮಾರ್ಚ್ 21ರಂದು ಆಪಲ್ ಕಂಪನಿ ತನ್ನ ಫೋನು, ಐಪ್ಯಾಡುಗಳ ತಂತ್ರಾಂಶ ಐಓಎಸ್ 9.3 ಬಿಡುಗಡೆ ಮಾಡಿತು. ರಾತ್ರಿ ಹೊತ್ತು ಪರದೆ ಹಳದಿಗೆ ತಿರುಗಿ ಕಣ್ಣಿಗೆ ತಂಪಾಗುತ್ತದೆ ಎಂಬುದು ಅದರ ದೊಡ್ಡ ಆಕರ್ಷಣೆ. 2011ರಲ್ಲಿ ಐಪ್ಯಾಡ್ 2 ಕೊಂಡು, ಪೇಪರು ಓದಿಕೊಂಡು, ಮೊಮ್ಮಕ್ಕಳ ಫೋಟೊ ನೋಡಿಕೊಂಡು ತಮ್ಮ ಪಾಡಿಗೆ ತಾವಿದ್ದ ಜನರೂ ‘ಅಪ್‌ಡೇಟ್’ ಒತ್ತಿದರು. ಆ ಹಳದಿ ಪರದೆ ಐಪ್ಯಾಡ್ 2ಕ್ಕೆ ಬರುವಂತೆಯೇ ಇರಲಿಲ್ಲ; ಅದಕ್ಕೆ ಬೇಕಾದ ಚಿಪ್ ಅದರಲ್ಲಿಲ್ಲ. ಬಂದದ್ದು ಒಂದು ಪ್ರಶ್ನೆ ಮಾತ್ರ: ಈ ಯಂತ್ರವನ್ನು ಮೊದಲು ಶುರು ಮಾಡುವಾಗ ಕೊಟ್ಟಿದ್ದ ಆಪಲ್ ಐಡಿ ಯಾವುದು, ಪಾಸ್‌ವರ್ಡ್ ಏನು?

ಐದು ವರ್ಷದ ಹಿಂದಿನ ಪಾಸ್‌ವರ್ಡ್! ಐದು ವರ್ಷದಲ್ಲಿ ಸರ್ಕಾರಗಳೇ ತಾವು ಕೊಟ್ಟ ಮಾತು ಮರೆತಿರುತ್ತವೆ. ನೆನಪಿಲ್ಲದವರ ಕೈಯಲ್ಲಿ ಐಪ್ಯಾಡು ಗಾಜಿನ ಹಲಗೆಯಾಯಿತು. ಗಲಾಟೆಯಾದಾಗ ಕಂಪನಿ ವಿವರಣೆ ಕೊಟ್ಟಿತು. ಅದರ ತಾತ್ಪರ್ಯ ಇಷ್ಟು: ಗ್ರಾಹಕರು ಪಾಸ್‌ವರ್ಡನ್ನು ಮರಳಿ ಪಡೆಯುವವರೆಗೆ ಅಥವಾ ಬದಲಿಸಿಕೊಳ್ಳುವವರೆಗೆ ಸಾಧನ ಚಾಲನೆಗೊಳ್ಳದ ಸ್ಥಿತಿಯಲ್ಲಿರುತ್ತದೆ. ರೋಗಿಗೆ ಎಚ್ಚರವಾಗುವವರೆಗೆ ರೋಗಿ ಎಚ್ಚರ ತಪ್ಪಿರುತ್ತಾನೆ ಎಂದು ಡಾಕ್ಟರು ಹೇಳಿ ಫೀಸು ತೆಗೆದುಕೊಂಡ ಹಾಗೆ. ಹಳೆಯ ಮಾದರಿಗಳಿಗೆ ಆ ಅಪ್‌ಡೇಟನ್ನು ತಡೆಹಿಡಿದು, ಕೆಲವೇ ದಿನಗಳಲ್ಲಿ ತಿದ್ದಿದ ಆವೃತ್ತಿಯನ್ನು ಬಿಟ್ಟರು ಅನ್ನುವುದನ್ನೂ ಹೇಳಿಬಿಡಬೇಕು. ಗದ್ದಲ ಜೋರಾಗಿದ್ದರೆ ಬೀಗಕ್ಕೂ ಕಿವಿ ಕೇಳಿಸುತ್ತದೆ.

ಈ ಗುಟ್ಟು ಕೆನಡಾದ ಎಪ್ಪತ್ತೆರಡು ವರ್ಷದ ಅಜ್ಜಿಯೊಬ್ಬರಿಗೆ ಎರಡು ತಿಂಗಳ ಹಿಂದೆಯೇ ತಿಳಿದಿತ್ತು. ಗಂಡ ತೀರಿಕೊಂಡಿದ್ದರು. ಆಕೆಗೆ ಬೇಕಾಗಿದ್ದದ್ದು ಐಪ್ಯಾಡಿನಲ್ಲಿ ಇಸ್ಪೀಟಾಡುವುದು, ಅಷ್ಟೇ. ಆಟ ಕೈಕೊಟ್ಟಿತು, ಮತ್ತೆ ಹಾಕಿಕೊಳ್ಳಲು ಗಂಡನ ಪಾಸ್‌ವರ್ಡ್ ಬೇಕಾಯಿತು, ಅದು ಆತನ ಜೊತೆಗೇ ಹೋಗಿತ್ತು. ಮಗಳು ಉಯಿಲು, ಮರಣ ಪತ್ರ ಎಲ್ಲ ಕೊಡುತ್ತೇನೆ ಎಂದರೂ, ಕೋರ್ಟಿನ ಆದೇಶ ತನ್ನಿ ಎಂದರು ಆಪಲ್‌ನವರು. ಇಸ್ಪೀಟಿಗೆ ಕೋರ್ಟು! ನಮ್ಮ ಊರುಗಳಲ್ಲೂ ಇಸ್ಪೀಟಾಡಿದವರು ಕೋರ್ಟು ಕಾಣುವುದುಂಟು, ಆದರೆ ಆಟ ಮುಗಿದ ಮೇಲೆ. ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿ ಇದನ್ನು ಸುದ್ದಿ ಮಾಡಿದ ಮೇಲೆ ಕಂಪನಿ, ತಪ್ಪು ತಿಳಿವಳಿಕೆಯಾಯಿತೆಂದು ಕ್ಷಮೆ ಕೇಳಿತು.

ತಮಾಷೆ ಇರುವುದು ಮುಂದಿನ ತಿಂಗಳಲ್ಲಿ. ಫೆಬ್ರವರಿ 16ರಂದು ನಿಜವಾಗಿಯೂ ಕೋರ್ಟಿನ ಆದೇಶ ಬಂತು. ತಂದವರು ಅಜ್ಜಿಯಲ್ಲ, ಎಫ್‌ಬಿಐ. ಅಮೆರಿಕದ ಸ್ಯಾನ್ ಬರ್ನಾರ್ಡಿನೊ ಹತ್ಯಾಕಾಂಡದ ಹಂತಕನ ಐಫೋನ್ 5ಸಿ ತೆರೆಯಲು ನೆರವಾಗಿ ಎಂದು ಆದೇಶ. ಆಗದು ಎಂದಿತು ಆಪಲ್. ಒಂದು ಫೋನಿಗೆ ಹಿಂಬಾಗಿಲು ಮಾಡಿದರೆ ಎಲ್ಲ ಫೋನಿಗೂ ಮಾಡಿದಂತೆ ಎಂದು ಕಂಪನಿಯ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಬಹಿರಂಗ ಪತ್ರ ಬರೆದರು. ಒಪ್ಪಬೇಕಾದ ಮಾತೇ. ಆದರೂ ಆದೇಶ ತಾ ಎಂದವರೇ ಆದೇಶ ಬಂದಾಗ ಆಗದು ಎಂದದ್ದು ನೋಡಿ ಅಜ್ಜಿಗೆ ಏನನಿಸಿತೋ. ಎರಡೂ ಬೇರೆ ಬೇರೆ ಸಂಗತಿ ಎಂದು ವಕೀಲರು ಹೇಳುತ್ತಾರೆ; ವಕೀಲರು ಇರುವುದೇ ಅದಕ್ಕೆ.

ಎಫ್‌ಬಿಐ ಮಾಡಿಕೊಂಡ ಎಡವಟ್ಟು ಮಾತ್ರ ಅಪ್ಪಟ ಮನೆಮನೆಯದು. ಆ ಫೋನು ಕೌಂಟಿ ಆಡಳಿತದ್ದು. ತನಿಖೆಯ ಅವಸರದಲ್ಲಿ ಎಫ್‌ಬಿಐ ಹೇಳಿದ್ದಕ್ಕೆ ಕೌಂಟಿಯವರು ಐಕ್ಲೌಡ್ ಪಾಸ್‌ವರ್ಡ್ ಬದಲಿಸಿದರು. ಫೋನಿನ ಒಳಗೆ ಹಳೆಯ ಪಾಸ್‌ವರ್ಡೇ ಇದ್ದುದರಿಂದ ತಾನಾಗಿ ಬ್ಯಾಕಪ್ ಆಗುವ ದಾರಿಯೂ ಮುಚ್ಚಿತು. ಅದು ತಪ್ಪಾಯಿತೆಂದು ಎಫ್‌ಬಿಐನ ಆಗಿನ ನಿರ್ದೇಶಕ ಜೇಮ್ಸ್ ಕೋಮಿ ಅಮೆರಿಕದ ಸಂಸತ್ತಿನ ಮುಂದೆ ಒಪ್ಪಿಕೊಂಡರು. ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ ಇದ್ದದ್ದನ್ನೂ ಕಳೆದುಕೊಂಡ ನಮ್ಮ ನಿಮ್ಮ ಸಾಲಿನಲ್ಲಿ ಜಗತ್ತಿನ ಅತಿ ಬಲಾಢ್ಯ ತನಿಖಾ ಸಂಸ್ಥೆಯೂ ನಿಂತಿದೆ ಎಂದರೆ ಒಂದು ಬಗೆಯ ಸಮಾಧಾನ. ಕೊನೆಗೆ ಹೊರಗಿನವರು ಯಾರೋ ತೆರೆದುಕೊಟ್ಟರು. ಎಷ್ಟು ಕೊಟ್ಟಿರಿ ಎಂದು ಕೇಳಿದಾಗ, ತಮ್ಮ ಹುದ್ದೆಯಲ್ಲಿ ಉಳಿದಿರುವ ಏಳು ವರ್ಷ ನಾಲ್ಕು ತಿಂಗಳಲ್ಲಿ ಬರುವ ಸಂಬಳಕ್ಕಿಂತ ಹೆಚ್ಚು ಎಂದರು ಕೋಮಿ. ಮರುವರ್ಷ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಈ ಕೋಮಿಯವರನ್ನೇ ಮನೆಗೆ ಕಳಿಸಿದರು. ಫೋನು ತೆರೆಯಿತು, ಹುದ್ದೆ ಮುಚ್ಚಿತು.

ಎಫ್‌ಬಿಐ ಪರವಾಗಿ ಹೂಡಿದ್ದ ಮೊಕದ್ದಮೆಯನ್ನು ಸರ್ಕಾರ ಹಿಂತೆಗೆದುಕೊಂಡದ್ದು 2016ರ ಮಾರ್ಚ್ 28ರಂದು. ಐಪ್ಯಾಡ್ 2ರ ಯಜಮಾನರು ಬಾಗಿಲು ಬಡಿಯುತ್ತಿದ್ದ ದಿನಗಳಲ್ಲೇ. ಹಂತಕನ ಫೋನು ತೆರೆದುಕೊಳ್ಳುತ್ತಿದ್ದಾಗ ಅಜ್ಜ ಅಜ್ಜಿಯರದು ಮುಚ್ಚಿಕೊಳ್ಳುತ್ತಿತ್ತು.

ಈ ಬೀಗ ಹಾಕಿದ್ದು ಕಳ್ಳರಿಗಾಗಿ. 2013ರಲ್ಲಿ ಐಓಎಸ್ 7ರ ಜೊತೆ ‘ಆಕ್ಟಿವೇಶನ್ ಲಾಕ್’ ಬಂತು, 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಗೂಗಲ್ಲಿನದು. ಕದ್ದವನು ಯಂತ್ರವನ್ನು ಪೂರ್ತಿ ಅಳಿಸಿದರೂ ಅದು ಹಳೆಯ ಖಾತೆಯನ್ನೇ ಕೇಳುತ್ತದೆ. ಕಳವೂ ಇಳಿಯಿತು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐಫೋನ್ ಕಳವು ಶೇ. 40ರಷ್ಟು, ನ್ಯೂಯಾರ್ಕಿನಲ್ಲಿ ಶೇ. 25ರಷ್ಟು ಕಡಿಮೆಯಾಯಿತೆಂದು ಅಲ್ಲಿನ ಅಧಿಕಾರಿಗಳು 2015ರಲ್ಲಿ ಪ್ರಕಟಿಸಿದರು. ಕಳ್ಳ ಬುದ್ಧಿವಂತ, ಬೇರೆ ಕಸುಬು ನೋಡಿಕೊಂಡ. ಬೀಗದ ಮುಂದೆ ಉಳಿದವನು ರಸೀದಿ ಹಿಡಿದುಕೊಂಡ ಯಜಮಾನ.

ಯಜಮಾನ ತಾನೇ ತಾನೆಂದು ಸಾಬೀತು ಮಾಡಲು ಕೆಲವು ಕಾಲ ಗುಪ್ತ ಪ್ರಶ್ನೆಗಳೂ ಇದ್ದವು. ನಿಮ್ಮ ತಂದೆತಾಯಿ ಮೊದಲು ಭೇಟಿಯಾದದ್ದು ಯಾವ ಊರಿನಲ್ಲಿ? ಮಂಟಪದಲ್ಲಿ ಸ್ವಾಮಿ, ಅಂತರಪಟ ಸರಿಸಿದಾಗ. ನಿಮ್ಮ ಮೊದಲ ಕಾರು ಯಾವುದು? ಕೆಂಪು ಬಣ್ಣದ್ದು, ಐವತ್ತು ಜನ ಕೂರಬಹುದಿತ್ತು, ಕಂಡಕ್ಟರ್ ಇದ್ದ. ತಾಯಿಯ ಮದುವೆಗೆ ಮುಂಚಿನ ಹೆಸರು? ಮದುವೆಯ ದಿನ ಅಕ್ಕಿಯ ಮೇಲೆ ಬರೆದದ್ದನ್ನು ಹೇಳಬೇಕೋ, ಅದಕ್ಕೆ ಮುಂಚಿನದ್ದನ್ನೋ? ಎಲ್ಲ ಸರಿಯಾಗಿ ನೆನಪಿದ್ದರೂ, ಆವತ್ತು ಶಿವಮೊಗ್ಗವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದೆವು ಎನ್ನುವಲ್ಲಿ ಗಾಡಿ ನಿಲ್ಲುತ್ತದೆ.

ತಪ್ಪು ಉತ್ತರಕ್ಕೆ ಶಿಕ್ಷೆಯೂ ಉಂಟು. ಪಾಸ್‌ಕೋಡ್ ಪದೇ ಪದೇ ತಪ್ಪಾದರೆ ಐಪ್ಯಾಡು ಒಂದು ನಿಮಿಷ, ಐದು ನಿಮಿಷ, ಹದಿನೈದು ನಿಮಿಷ ಎಂದು ಮೂಲೆಯಲ್ಲಿ ನಿಲ್ಲಿಸುತ್ತದೆ. 2019ರಲ್ಲಿ ‘ದ ನ್ಯೂಯಾರ್ಕರ್’ನ ಪತ್ರಕರ್ತ ಎವನ್ ಓಸ್ನೋಸ್ ಅವರ ಮೂರು ವರ್ಷದ ಮಗು ಸಿಕ್ಕ ಸಿಕ್ಕ ಅಂಕಿ ಒತ್ತಿತ್ತು. 2,55,36,442 ನಿಮಿಷ ಬಿಟ್ಟು ಪ್ರಯತ್ನಿಸಿ ಎಂದಿತು ಐಪ್ಯಾಡು. ನಲವತ್ತೆಂಟೂವರೆ ವರ್ಷ! ಅಷ್ಟರಲ್ಲಿ ಮಗುವಿಗೇ ಐವತ್ತು ದಾಟಿರುತ್ತದೆ, ಅದೂ ಪಾಸ್‌ವರ್ಡ್ ಮರೆಯುವ ವಯಸ್ಸಿಗೆ ಬಂದಿರುತ್ತದೆ. ಓಸ್ನೋಸ್ ಕಾಯದೆ, ‘ಡಿಎಫ್‌ಯು ಮೋಡ್’ ಎಂಬ ದುರಸ್ತಿ ಸ್ಥಿತಿಗೆ ಅದನ್ನು ಇಳಿಸಿ, ಎಲ್ಲ ಹೊಸದಾಗಿ ತುಂಬಿಸಿದರು.

2021ರ ಡಿಸೆಂಬರಿನಲ್ಲಿ, ಅಜ್ಜಿಯ ಇಸ್ಪೀಟಿನ ಸುಮಾರು ಆರು ವರ್ಷಕ್ಕೆ, ಐಓಎಸ್ 15.2ರ ಜೊತೆ ‘ಲೆಗಸಿ ಕಾಂಟ್ಯಾಕ್ಟ್’ ಬಂತು. ನಿಮ್ಮ ನಂತರ ನಿಮ್ಮ ಖಾತೆ ಯಾರಿಗೆ ಎಂದು ಮೊದಲೇ ಬರೆದಿಡಬಹುದು. ಅವರು ಒಂದು ಆಕ್ಸೆಸ್ ಕೀ, ಒಂದು ಮರಣ ಪತ್ರ ಒಪ್ಪಿಸಿದರೆ ಸಾಕು. ಬದುಕಿದ್ದೂ ಮರೆತವರು ಮಾತ್ರ ಖಾತೆ ಮರಳಿಸಿ ಎಂದು ಅರ್ಜಿ ಹಾಕಿ ದಿನಗಟ್ಟಲೆ ಕಾಯಬೇಕು. ಸಹಾಯವಾಣಿಯವರೂ ಅದನ್ನು ಬೇಗ ಮಾಡಿಕೊಡಲಾರರು.

ಮಗ ಸಿಯಾಟಲ್‌ನಿಂದ ತಂದುಕೊಟ್ಟ ಐಪ್ಯಾಡು ಬೆಂಗಳೂರಿನಲ್ಲಿ ಬೀಗ ಹಾಕಿಕೊಂಡರೆ ನಡೆಯುವ ಮಾತುಕತೆ ಹೀಗಿರುತ್ತದೆ.

“ಯಾವ ಈಮೇಲ್ ಹಾಕಿದ್ಯೋ ಇದಕ್ಕೆ?”

“ಕಾಲೇಜಿಂದು ಅಪ್ಪ. ಅದನ್ನ ಅವರು ಯಾವಾಗ್ಲೋ ಮುಚ್ಚಿಬಿಟ್ರು.”

“ಫೋನಿಗೆ ಏನೋ ನಂಬರ್ ಬರುತ್ತಂತಲ್ಲ?”

“ಬಂದಿರುತ್ತೆ. ನನ್ನ ಹಳೇ ಸಿಮ್ಮಿಗೆ. ಅದೀಗ ಯಾರ ಹತ್ರ ಇದ್ಯೋ.”

“ಮತ್ತೆ ಆ ಸತ್ತೋರ ದಾರಿ ಅಂತ ಏನೋ ಇದ್ಯಂತೆ. ಡೆತ್ ಸರ್ಟಿಫಿಕೇಟ್ ಬೇಕಾದ್ರೆ ಹೇಳು, ಕಾರ್ಪೊರೇಶನ್‌ನಲ್ಲಿ ನಮ್ಮವರೊಬ್ರು ಇದಾರೆ.”

“ಅಯ್ಯೋ ಅಪ್ಪ! ಅದಕ್ಕೆ ಮೊದಲೇ ಕೀ ಮಾಡಿಟ್ಟಿರಬೇಕಿತ್ತು.”

“ಎಲ್ಲಿ ಮಾಡೋದು ಅದನ್ನ?”

“ಐಪ್ಯಾಡ್ ಸೆಟ್ಟಿಂಗ್ಸಲ್ಲಿ.”