ಕುಕ್ಕು ಅಲ್ಲ, ಕುಕ್ಕಿ

ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹಿರಿಯರು ಮೊಬೈಲು ಚಾಚಿದರು. "ಮಾರಾಯ್ರೆ, ಇದು ಕುಕ್ಕಿ ಒಪ್ಪುತ್ತೀರಾ ಅಂತ ಕೇಳ್ತಾ ಉಂಟು." ತುಳುವರಿಗೆ ಕುಕ್ಕು ಎಂದರೆ ಮಾವು. ಕೊಡುತ್ತೇನೆಂದ ಮಾವನ್ನು ಬೇಡ ಎನ್ನುವುದುಂಟೇ? ಒತ್ತಿಯೇಬಿಟ್ಟರು.

ಅವರು ನೋಡಹೊರಟದ್ದು ಅಡಿಕೆ ರೇಟು. ಮಡಂತ್ಯಾರು ದಾಟುವಾಗ ಅಡಿಕೆ ಸುಲಿಯುವ ಯಂತ್ರದ ಜಾಹೀರಾತು ಬಂತು. ಗುರುವಾಯನಕೆರೆಯಲ್ಲಿ ಮೊಣಕಾಲು ನೋವಿನ ತೈಲ! "ನನ್ನ ಮೊಣಕಾಲಿನ ವಿಷಯ ಇವನಿಗೆ ಹೇಳಿದ್ದು ಯಾರು?"

ಕುಕ್ಕಿ ಎಂದರೆ ಜಾಲತಾಣ ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತಿನ ಚೀಟಿ. 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪಿನ ಲೂ ಮೊಂಟುಲ್ಲಿ ಅದನ್ನು ಹುಟ್ಟಿಸಿದಾಗ ಪಾಪದ್ದೇ. ಮತ್ತೆ ಬಂದ ಗಿರಾಕಿಯ ಗುರುತು ಹಿಡಿದರೆ ಅದರ ಕೆಲಸ ಮುಗಿಯಿತು. ಹೋಟೆಲಿನವ "ನಿಮಗೆ ಸಕ್ಕರೆ ಕಮ್ಮಿ ಅಲ್ವಾ" ಎಂದರೆ ನಮಗೂ ಖುಷಿಯೇ. ಈಗ ಮೇಜಿನಡಿ ಅವನ ಭಾವ ಕೂತಿರುತ್ತಾನೆ. ನಾವು ಎದ್ದಾಗ ಅವನೂ ಎದ್ದು ಪೇಟೆಗೆ, ಬ್ಯಾಂಕಿಗೆ, ಡಾಕ್ಟರಲ್ಲಿಗೆ ಬೆನ್ನಿಗೇ ಬಂದು ಬರೆದುಕೊಳ್ಳುತ್ತಾನೆ. ಆ ಭಾವನ ಸಂಬಳವನ್ನು ಕೊಡುವವರು ತೈಲದವರು.

ಗುಟ್ಟು ಕಾಯುವುದು ನಮ್ಮ ಸೀಮೆಗೆ ಹೊಸತಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕುಂಟು, ಓದಲಿಕ್ಕಿಲ್ಲ ಎಂಬಂತಿದ್ದವು. ಅದರ ಪ್ರತಿ ಹೊರಬರಬೇಕಾದರೆ ವರ್ಷಗಟ್ಟಲೆ ಕೂತು, ಹಳಗನ್ನಡ ಲಿಪಿಯ ಪ್ರಾಕೃತವನ್ನು ಗುಟ್ಟಾಗಿ ಕೈಯಲ್ಲೇ ಬರೆಯಬೇಕಾಯಿತು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದಾಗ 1939. ಕದಿಯುವವರಿಗೂ ಆಗ ಲಿಪಿ ಗೊತ್ತಿರಬೇಕಿತ್ತು, ಬೆನ್ನು ಗಟ್ಟಿಯಿರಬೇಕಿತ್ತು. ಈಗ ಬೆರಳು ಗಟ್ಟಿಯಿದ್ದರೆ ಸಾಕು, ಅದೂ ನಮ್ಮದೇ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. ಆ ಹಕ್ಕು ಬಂಟ್ವಾಳ ಸೇತುವೆ ದಾಟುವಷ್ಟರಲ್ಲಿ ಎರಡು ಗುಂಡಿಗಳಾಗಿದೆ: "ಎಲ್ಲ ಒಪ್ಪಿದೆ" ಎಂಬುದು ತೆಂಗಿನಕಾಯಿ ಗಾತ್ರ, "ಬೇಡ" ಎಂಬುದು ಸಾಸಿವೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ 2023ರ ಡೇಟಾ ರಕ್ಷಣೆ ಕಾಯಿದೆ. ಅದರ ನಿಯಮ ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಪೂರ್ತಿ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ವಾಯಿದೆ. ಭಾವನಿಗೆ ಗಂಟುಮೂಟೆ ಕಟ್ಟಲು ಸಮಯ ಬೇಡವೇ!

ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಓದಬಹುದಂತೆ. ತುಳು ಅದರಲ್ಲಿಲ್ಲ. ಬಂಟ್ವಾಳದಲ್ಲಿ ಜಗಳ, ಸರಸ, ದೈವದ ನುಡಿ ಎಲ್ಲ ತುಳುವಿನಲ್ಲೇ ನಡೆಯಲಿ, "ಬೊಡ್ಚಿ" (ಬೇಡ) ಅನ್ನಬೇಕಾದರೆ ಮಾತ್ರ ಅನುವಾದಕರನ್ನು ಹುಡುಕಿ.

ಇದನ್ನೆಲ್ಲ ವಿವರಿಸುವಷ್ಟರಲ್ಲಿ ಬೆಳ್ತಂಗಡಿ ಬಂತು. ಹಿರಿಯರು ಕೊಡೆ ಊರಿ ಎದ್ದರು. ತೈಲಕ್ಕೆ ಆರ್ಡರು ಕೊಟ್ಟಾಗಿತ್ತು.

"ಮಗ ದುಬಾಯಿಯಲ್ಲಿದ್ದಾನೆ. ಮೊಣಕಾಲು ಹೇಗುಂಟು ಅಂತ ಕೇಳಿದ್ದು ಇವನೊಬ್ಬನೇ, ಮಾರಾಯ್ರೆ."